ಬೆತ್ತ ಕಲಿಸಿದ ಪಾಠ

‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ವಿರಳ. ಮಗುವಿನ ನಡತೆಯನ್ನು ತಿದ್ದಲು ಪೆಟ್ಟೇ ಮದ್ದೆಂದು ಹಿರಿಯರು ಬಹುಕಾಲ ನಂಬಿದ್ದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗಾದರೆ ಬೆತ್ತದ ಬದಲು ಉಪಾಧ್ಯಾಯರಿಗೆ ಇರುವ ಸಾಧನವಾವುದು? ಮನಶ್ಶಾಸ್ತ್ರವು ಕೊಡುವ ಉತ್ತರ, ಪುನರ್ಬಲನ.

ಯಾವ ನಡತೆಯಿಂದ ಹಿತವಾದ ಫಲ ದೊರೆಯುವುದೋ ಆ ನಡತೆ ಮರುಕಳಿಸುತ್ತದೆ. ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಕಂಡ ಈ ತತ್ತ್ವವನ್ನು ಮುಂದೆ ಸ್ಕಿನ್ನರ್ ಬೆಳೆಸಿದರು. ಒಳ್ಳೆಯ ನಡತೆಯ ಬೆನ್ನಿಗೇ ಮೆಚ್ಚುಗೆ ದೊರೆತು ಆ ನಡತೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ. ಅಹಿತವಾದುದು ತೊಲಗಿದ್ದರಿಂದ ನಡತೆ ಬಲಗೊಂಡರೆ ಅದು ಋಣಾತ್ಮಕ. ಇದನ್ನೇ ಶಿಕ್ಷೆಯೆಂದು ಹಲವರು ತಿಳಿಯುವುದುಂಟು, ಅದು ತಪ್ಪು. ಈ ಭೇದವನ್ನು ಓದಿದಾಗ ನನಗೆ ಬಾಲ್ಯದ ಗೆಳೆಯನೊಬ್ಬ ನೆನಪಾದ.

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಪಿಲೆಯ ದಡದಲ್ಲಿ ನಮ್ಮೂರು. ಗೆಳೆಯನು ಡೈರಿಗೆ ಹಾಲು ಹಾಕಿ ಶಾಲೆಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾದುದಕ್ಕೆ ಅಂಗೈಗೆ ಎರಡು ಏಟು. ಒಂದು ದಿನ ಅವನು ಅರ್ಧ ದಾರಿಯಿಂದಲೇ ಹೊಳೆಯ ಕಡೆಗೆ ತಿರುಗಿದ. ಅಂದು ಏಟು ತಪ್ಪಿತು. ಮರುದಿನವೂ ಅದೇ ದಾರಿ ಹಿಡಿದ. ಏಟು ತಪ್ಪಿದ ನೆಮ್ಮದಿಯೇ ಅವನ ಪಾಲಿಗೆ ಋಣಾತ್ಮಕ ಪುನರ್ಬಲನವಾಯಿತು. ಬೇಗ ಬರುವುದನ್ನು ಕಲಿಸಲು ಎತ್ತಿದ ಬೆತ್ತ ಬಾರದಿರುವುದನ್ನು ಕಲಿಸಿತು. ಏಳನೆಯ ತರಗತಿಗೇ ಅವನ ಓದು ನಿಂತಿತು. ಇಂದು ಅವನು ಗಾರೆ ಕೆಲಸಕ್ಕೆ ಹೋಗುತ್ತಾನೆ. ನಾನು ನಮ್ಮ ಮನೆತನದಲ್ಲಿ ಮೊದಲನೆಯವನಾಗಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಬುದ್ಧಿಯಲ್ಲಿ ಅವನು ನನಗೆ ಕಡಿಮೆಯವನಾಗಿರಲಿಲ್ಲ.

ಮೂರನೆಯ ತರಗತಿಯವರೆಗೆ ಇದೇ ಹುಡುಗ ಶಾಲೆ ತಪ್ಪಿಸಿದವನಲ್ಲ. ಆಗ ನಮಗಿದ್ದುದು ನಲಿ-ಕಲಿ. ನಮ್ಮ ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಮಾದರಿಯನ್ನು ನೋಡಿಬಂದ ಉಪಾಧ್ಯಾಯರು 1995ರಲ್ಲಿ ಆರಂಭಿಸಿದ ಈ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಇಲ್ಲಿ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿರುತ್ತಾರೆ. ಒಂದು ಮೆಟ್ಟಿಲು ಮುಗಿದೊಡನೆ ಮಗು ತಾನು ಏರಿದುದನ್ನು ತಾನೇ ಕಾಣುತ್ತದೆ. ಗೈರುಹಾಜರಾದ ಮಗು ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಬಂದುದಕ್ಕೆ ಫಲವುಂಟು, ಬಾರದುದಕ್ಕೆ ಅವಮಾನವಿಲ್ಲ.

ಪುನರ್ಬಲನವನ್ನು ಬಳಸುವವರು ಕೆಲವು ಅಂಶಗಳನ್ನು ಗಮನಿಸಬೇಕು. ಮೆಚ್ಚುಗೆ ತಡವಾಗಬಾರದು. ‘ಜಾಣ’ ಎನ್ನುವುದಕ್ಕಿಂತ ‘ಲೆಕ್ಕವನ್ನು ಬಿಡದೆ ಕೊನೆಯವರೆಗೆ ಮಾಡಿದೆ’ ಎಂದು ಮಾಡಿದ ಕೆಲಸವನ್ನೇ ಹೆಸರಿಸಬೇಕು. ಮುಂದಿನ ಬೆಂಚಿನವರ ನೂರು ಅಂಕದಂತೆಯೇ ಹಿಂದಿನ ಬೆಂಚಿನವನ ಸಣ್ಣ ಏಳಿಗೆಯೂ ಕಣ್ಣಿಗೆ ಬೀಳಬೇಕು. ತುಂಟನನ್ನು ದಿನವಿಡೀ ಹೆಸರು ಹಿಡಿದು ಗದರಿದರೆ, ಅವನು ಬಯಸಿದ ಗಮನವೇ ಅವನಿಗೆ ಸಿಕ್ಕಂತಾಗುವುದುಂಟು. ಬಹುಮಾನವೂ ಮಿತಿಯಲ್ಲಿರಬೇಕು. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಯಿಸಿದಾಗ, ಮುಂದೆ ಅವರ ಆಸಕ್ತಿ ಕುಂದಿತೆಂದು ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬುವರು 1973ರಲ್ಲಿ ತೋರಿಸಿದರು.

ಬಿ.ಎಡ್. ಓದಿ ಉಪಾಧ್ಯಾಯನಾಗಬೇಕೆಂಬುದು ನನ್ನ ಆಸೆ. ತಡವಾಗಿ ಬಂದ ಹುಡುಗನೊಬ್ಬ ಮುಂದೆ ನನ್ನ ತರಗತಿಯ ಬಾಗಿಲಲ್ಲಿ ನಿಂತಾಗ, ಅವನು ತಡವಾದುದಕ್ಕಿಂತ ಮೊದಲು ಅವನು ಬಂದುದು ನನ್ನ ಕಣ್ಣಿಗೆ ಕಾಣಲಿ.