‘ಒಂಚೂರು ಬೆಳ್ಳಗೆ ಮಾಡಿ’

ಸ್ಟುಡಿಯೊಗೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಕೂರುವ ಮೊದಲೇ ಶುರು ಮಾಡುತ್ತಾರೆ: ‘ನನ್ನ ಫೋಟೊ ಚೆನ್ನಾಗಿ ಬರಲ್ಲ ಮೇಡಂ.’ ‘ಒಂಚೂರು ಬೆಳ್ಳಗೆ ಮಾಡಿ.’ ‘ತೋಳು ದಪ್ಪ ಕಾಣ್ಬಾರ್ದು.’ ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ಆದರೆ ಈ ಪಟ್ಟಿ ಒಪ್ಪಿಸುವುದು ಅಮ್ಮ; ಹುಡುಗಿ ನೆಲ ನೋಡುತ್ತಿರುತ್ತಾಳೆ.

ಇಷ್ಟು ವರ್ಷ ಕ್ಯಾಮೆರಾ ಹಿಡಿದ ಮೇಲೆ ನನಗೆ ಖಾತ್ರಿಯಾಗಿದೆ: ಇವರು ಮುಖದ ಮೇಲೆ ಹೊರಿಸುವ ತಪ್ಪು ಬಹುಪಾಲು ಕ್ಯಾಮೆರಾದ್ದು, ಇಲ್ಲವೇ ಅದನ್ನು ಹಿಡಿದವರದ್ದು. ಎದುರಿಗಿರುವುದೆಲ್ಲ ನಡುಬೂದು ಎಂದೇ ಕ್ಯಾಮೆರಾದ ಬೆಳಕು ಅಳೆಯುವ ಮೀಟರಿನ ಲೆಕ್ಕ. ಬಿಳಿ ಪರದೆಯ ಮುಂದೆ ಎಣ್ಣೆಗೆಂಪು ಬಣ್ಣದವರನ್ನು ಕೂರಿಸಿದರೆ, ಬೆಳಕು ಜಾಸ್ತಿಯಾಯಿತೆಂದು ಅದು ತಾನೇ ತಗ್ಗಿಸಿ ಮುಖವನ್ನು ಮಸಿ ಮಾಡುತ್ತದೆ. ಪರದೆ ಬದಲಿಸಿ, ಎಕ್ಸ್‌ಪೋಷರ್ ಒಂದಿಷ್ಟು ಏರಿಸಿ, ಕಿಟಕಿಯ ಓರೆ ಬೆಳಕಿಗೆ ತಿರುಗಿಸಿ. ಅದೇ ಕೆನ್ನೆ ಹೊಳೆಯುತ್ತದೆ. ಫಿಲಂ ಕಾಲದಲ್ಲೂ ಬೇರೆ ಕಥೆಯಿರಲಿಲ್ಲ. ಬಣ್ಣ ಹೊಂದಿಸಲೆಂದು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸರು.

ಮೂಗು ದಪ್ಪ ಕಾಣುತ್ತದೆಂಬ ದೂರೂ ಅಷ್ಟೆ. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಶೇ 30ರಷ್ಟು ಅಗಲ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಕೊಟ್ಟರು. ಐದಡಿ ಹಿಂದೆ ಸರಿದರೆ ಆ ರಗಳೆಯಿಲ್ಲ. 85 ಎಂಎಂ ಲೆನ್ಸ್ ನನಗೆ ಇಷ್ಟವಾಗುವುದು ಅದಕ್ಕೇ, ಹಾಕಿದರೆ ಹಿಂದೆ ಸರಿಯಲೇಬೇಕು.

ತಿದ್ದುವ ವಿಷಯದಲ್ಲಿ ಪಾಠ ಕಲಿಸಿದವರು ಒಬ್ಬ ಅಂಗನವಾಡಿ ಟೀಚರ್. ಎರಡೂ ಕೆನ್ನೆಯ ಮೇಲೆ ಬಂಗು, ಮುಂಗೈಯಲ್ಲಿ ಒಗ್ಗರಣೆ ಸಿಡಿದ ಕಲೆ. ಕಂಪ್ಯೂಟರಿನಲ್ಲಿ ನಾನು ಬಂಗಿನ ಹತ್ತಿರ ಮೌಸ್ ಒಯ್ದಾಗ, ‘ಅಯ್ಯೋ, ಅದಿರ್ಲಿ. ದೊಡ್ಡ ಮಗಳ ಬಸುರಿನಲ್ಲಿ ಬಂದಿದ್ದು’ ಎಂದು ನಕ್ಕರು. ಅಂದಿನಿಂದ ವಾರದಲ್ಲಿ ತಾನೇ ಹೋಗುವ ಮೊಡವೆಯನ್ನಷ್ಟೇ ತೆಗೆಯುತ್ತೇನೆ. ಮಚ್ಚೆ, ಬಂಗು, ಗಾಯದ ಕಲೆ, ನರೆಗೂದಲು ಅವರಾಗಿ ಕೇಳದ ಹೊರತು ಮುಟ್ಟುವುದಿಲ್ಲ. ಮೈಬಣ್ಣವನ್ನಂತೂ, ಕೇಳಿದರೂ ಇಲ್ಲ. ಇದರಿಂದ ಗಿರಾಕಿಗಳು ಎದ್ದು ಹೋದದ್ದೂ ಉಂಟು. ಹೋಗಲಿ, ಬೆಳ್ಳಗೆ ಮಾಡಿಕೊಡುವವರು ರಸ್ತೆಗಿಬ್ಬರಿದ್ದಾರೆ.

ಭಂಗಿ ಹೇಳಿಕೊಡುವುದನ್ನೂ ಕಮ್ಮಿ ಮಾಡಿದ್ದೇನೆ. ಹೊಟ್ಟೆ ಒಳಗೆಳೆದು, ಗದ್ದ ಎತ್ತಿ, ಉಸಿರು ಹಿಡಿದು ಕೂತವರ ಮುಖದಲ್ಲಿ ಬರೀ ಉಸಿರು ಹಿಡಿದದ್ದೇ ಕಾಣುತ್ತದೆ. ಸೆರಗು ಸರಿಮಾಡಿಕೊಳ್ಳುತ್ತ ಮನೆ ವಿಷಯ ಮಾತಾಡುವಾಗ ಕ್ಲಿಕ್ಕಿಸಿದ್ದೇ ಕೊನೆಗೆ ಆಯ್ಕೆಯಾಗುವುದು.

ಮುಂದಿನ ಸಲ ನೀವು ಎಲ್ಲೇ ಫೋಟೊ ತೆಗೆಸಿ, ತಿದ್ದುವ ಮೊದಲಿನದನ್ನೂ ಕೇಳಿ ಪಡೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಯಾವುದನ್ನು ಪ್ರಿಂಟ್ ಹಾಕಿಸಬೇಕೆಂದು ನೀವೇ ಹೇಳಿ.