ಡಬ್ಬಿಯ ಜೊತೆಗಿನ ಚೀಟಿ

ತಾಲ್ಲೂಕುಗಳಿಂದ ಮಲದ ಸ್ಯಾಂಪಲ್ ಬಂದಾಗ ಡಬ್ಬಿಗಿಂತ ಮೊದಲು ನಾನು ಚೀಟಿ ನೋಡುತ್ತೇನೆ. ಬರೀ ‘ಭೇದಿ’ ಎಂದಿದ್ದರೆ ಅರ್ಧ ಕೆಲಸ ಕೆಟ್ಟಿತೆಂದೇ ಲೆಕ್ಕ. ‘ಶ್ರೀಶೈಲ ಪಾದಯಾತ್ರೆಯಿಂದ ಬಂದವರು, ನೀರಿನಂಥ ಭೇದಿ, ಜೊತೆಗಾರರಿಗೂ ಇದೆ’ ಎಂದಿದ್ದರೆ ಕಾಲರಾದ ಟಿಸಿಬಿಎಸ್ ಪ್ಲೇಟನ್ನೂ ತೆಗೆದಿಡುತ್ತೇನೆ. ಕೇಳದೆ ಅದನ್ನು ಹಾಕುವ ಲ್ಯಾಬ್‌ಗಳು ಕಡಿಮೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರು ಊರು ಬಿಡುವ ಕಾಲ ಗೊತ್ತಿದ್ದದ್ದೇ: ಕಾಫಿ ಕೊಯ್ಲಿಗೆ ಚಿಕ್ಕಮಗಳೂರು ಕಡೆ, ಮಾಲೆ ಹಾಕಿ ಶಬರಿಮಲೆಗೆ, ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ. ಎಲ್ಲಿ, ಯಾವಾಗ ಉಂಡರು ಎಂದು ಕೇಳಿದರೆ ಸುಳಿವು ಸಿಗುತ್ತದೆ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಿದ್ದರೆ ಸ್ಟೆಫೈಲೊಕಾಕಸ್ ವಿಷದ ಅನುಮಾನ. ಜ್ವರ, ಹೊಟ್ಟೆ ನುಲಿತ, ರಕ್ತ ಇದ್ದರೆ ಶಿಗೆಲ್ಲಾ ಹುಡುಕುತ್ತೇವೆ. ಕ್ಯಾಂಪಿಲೋಬ್ಯಾಕ್ಟರ್ ಕೂಡ ಹಾಗೇ ಕಾಡುತ್ತದೆ, ಆದರೆ ಅದಕ್ಕೆ 42 ಡಿಗ್ರಿ ಶಾಖ, ಕಡಿಮೆ ಆಮ್ಲಜನಕ ಬೇಕು. ಸಣ್ಣ ಲ್ಯಾಬ್‌ನಲ್ಲಿ ಅದು ಬೆಳೆಯುವ ಮಾತೇ ಇಲ್ಲ.

ಕಾಲರಾ ಸುಲಭ. ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಆರೇಳು ಗಂಟೆ ಬೆಳೆಸಿ ಪ್ಲೇಟಿಗೆ ಹಾಕಿದರೆ ಮರುದಿನ ಹಳದಿ ಚುಕ್ಕಿಗಳು ಏಳುತ್ತವೆ. ಹಳದಿಯಾದದ್ದೆಲ್ಲ ಕಾಲರಾ ಅಲ್ಲ. ಆಕ್ಸಿಡೇಸ್ ನೋಡಿ, ಸ್ಲೈಡಿನ ಮೇಲೆ ಒ1 ಆಂಟಿಸೀರಮ್ ಬೆರೆಸಿದಾಗ ಗಂಟುಗಟ್ಟಿದರೆ ಫೋನ್ ಕೈಗೆತ್ತಿಕೊಳ್ಳುತ್ತೇನೆ. ಸ್ವಾಬನ್ನು ಕ್ಯಾರಿ ಬ್ಲೇರ್ ಟ್ಯೂಬಿನಲ್ಲೇ ಕಳಿಸಿರಬೇಕು. ಬೇಸಿಗೆಯೆಂದು ಕಾಲರಾ ಅನುಮಾನದ ಸ್ಯಾಂಪಲ್‌ಗೆ ಐಸ್ ಇಡಬಾರದು, ಆ ಕ್ರಿಮಿಗೆ ತಂಪು ಆಗದು.

ನನಗೆ ತಲೆನೋವು ಇ. ಕೋಲಿಯದು. ಪ್ರಯಾಣಿಕರ ಭೇದಿಗೆ ಮುಖ್ಯ ಕಾರಣ ಅದರ ವಿಷ ಉತ್ಪಾದಿಸುವ ತಳಿ. ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ ಅವರ ತಂಡ 1956ರಲ್ಲೇ ಮೊಲದ ಕರುಳಿನಲ್ಲಿ ಇದರ ಕೈಚಳಕ ತೋರಿಸಿತ್ತು. ಆದರೆ ಮೆಕಾಂಕಿ ಪ್ಲೇಟಿನಲ್ಲಿ ಈ ತಳಿಯೂ ಗುಲಾಬಿ, ಎಲ್ಲರ ಹೊಟ್ಟೆಯಲ್ಲಿರುವ ಸಾಧು ಇ. ಕೋಲಿಯೂ ಗುಲಾಬಿ. ಪಿಸಿಆರ್‌ನಂಥ ಪರೀಕ್ಷೆ ಮಾಡದೆ ಬೇರ್ಪಡಿಸಲಾಗದು. ‘ರೋಗಕಾರಕ ಬೆಳೆದಿಲ್ಲ’ ಎಂದು ಬರೆದು ಕೊಟ್ಟರೆ, “ಹಂಗಾದ್ರೆ ನಂಗೇನೂ ಆಗಿಲ್ವಾ ಸಾರ್?” ಎನ್ನುತ್ತಾರೆ. ಆಗಿದೆ, ನಮ್ಮ ಪ್ಲೇಟಿಗೆ ಕಾಣಲಿಲ್ಲ ಅಷ್ಟೆ.

ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ನುಂಗಿ ಬಂದವರಲ್ಲಂತೂ ಸಿಗುವ ಕ್ರಿಮಿಯೂ ಸಿಗದು. ಅದಕ್ಕೇ ಆಶಾ ಕಾರ್ಯಕರ್ತೆಯರಿಗೆ ಹೇಳುತ್ತಿರುತ್ತೇನೆ: ಮೊದಲು ಸ್ವಾಬ್, ಆಮೇಲೆ ಡಾಕ್ಟರು ಕೊಟ್ಟ ಮಾತ್ರೆ. ಓಆರ್‌ಎಸ್ ಮಾತ್ರ ಯಾವುದಕ್ಕೂ ಕಾಯಬೇಕಿಲ್ಲ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕೊಂದು ಚಿಟಿಕೆಯಲ್ಲ.