ಜೊಂಗಾಕ್ಕೆ ತಗಡಿನ ಮಾಡು

ಜೊಂಗಾ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಜಪಾನಿನ ನಿಸಾನ್ ಪ್ಯಾಟ್ರೋಲ್ 60 ಗಾಡಿಯನ್ನು ಲೈಸೆನ್ಸ್ ಮೇಲೆ ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿ ನಮ್ಮ ಸೇನೆಗೆ ಮಾಡಿಕೊಡುತ್ತಿತ್ತು. ‘ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರಿಯೇಜ್ ಅಸೆಂಬ್ಲಿ’ ಎಂಬುದನ್ನು ಮೊಟಕು ಮಾಡಿದರೆ ಸಿಗುವ ಹೆಸರು ಅದು. ಆರು ಸಿಲಿಂಡರಿನ 3,956 ಸಿಸಿ ಪೆಟ್ರೋಲ್ ಎಂಜಿನ್ನು. ಏರಲ್ಲಿ ಆನೆ, ಬಂಕಿನಲ್ಲೂ ಆನೆಯೇ. 1990ರ ದಶಕದ ಕೊನೆಗೆ ತಯಾರಿಕೆ ನಿಂತುಹೋಯಿತು. ಕ್ರಿಕೆಟಿಗ ಧೋನಿ ಹತ್ತಿರ ಒಂದಿದೆ ಎಂದು ಸುದ್ದಿಯಾದ ಮೇಲೆ ನಮ್ಮ ಗಾಡಿಯನ್ನೂ ನಿಲ್ಲಿಸಿ ಫೋಟೊ ಹೊಡೆಯುವವರು ಹುಟ್ಟಿಕೊಂಡಿದ್ದಾರೆ.

ಹರಾಜಿನಲ್ಲಿ ನಮಗೆ ಸಿಕ್ಕಿದ ಗಾಡಿಗೆ ಇದ್ದದ್ದು ಹೊಲಿಗೆ ಬಿಟ್ಟ ಕ್ಯಾನ್ವಾಸ್ ಹುಡ್ಡು. ನಮ್ಮದು ಶೃಂಗೇರಿ ಕಡೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಹೊಯ್ಯುತ್ತದೆ. ಜೂನ್ ತಿಂಗಳಲ್ಲಿ ಗಾಡಿಯೊಳಗೆ ಕೊಡೆ ಬಿಚ್ಚಿ ಕೂರುವ ಅವಸ್ಥೆ ನೋಡಲಾಗದೆ ಗಟ್ಟಿ ಮಾಡು ಹಾಕಿಸಹೊರಟೆ. ಇದುವರೆಗೆ ಮೂರು ಮಾಡು ಮಾಡಿಸಿದ್ದೇನೆ: ನನ್ನ ಗಾಡಿಗೆ ಎರಡು, ಸ್ನೇಹಿತರದ್ದಕ್ಕೆ ಒಂದು. ಮೊದಲನೆಯದು ಗುಜರಿಗೆ ಹೋಯಿತು. ಕೆಳಗಿನದರಲ್ಲಿ ಹೆಚ್ಚಿನದ್ದನ್ನು ಕಲಿಸಿದ್ದು ಅದೇ.

1. ಸಪಾಟು ನೆಲದ ಮೇಲೆ ತೆಗೆದ ಅಳತೆ ಅರ್ಧ ಅಳತೆ.

ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ನೂಲು ಹಿಡಿದು ಅಳೆದು ಮೊದಲ ಮಾಡು ಕೂರಿಸಿದೆವು. ಕೂದಲೆಳೆ ಸಂದು ಇರಲಿಲ್ಲ. ತೋಟದ ದಾರಿಯಲ್ಲಿ ಮುಂದಿನ ಎಡಚಕ್ರ ಕಲ್ಲು ಹತ್ತಿ, ಹಿಂದಿನ ಎಡಚಕ್ರ ಚರಂಡಿಗಿಳಿದಾಗ ತಲೆ ಮೇಲೆ ‘ಕಟ್’ ಅಂದಿತು. ಈ ಗಾಡಿಗಳ ಚಾಸಿಸ್ ಏಣಿಯಂಥದ್ದು. ಓರೆ ನೆಲದಲ್ಲಿ ಅದು ತಿರುಚಿಕೊಳ್ಳುತ್ತದೆ, ಮೇಲಿನ ಬಾಡಿಯೂ ಜೊತೆಗೆ ಹೊರಳುತ್ತದೆ. ನಾಲ್ಕು ಚಕ್ರವೂ ನೆಲ ಬಿಡದೆ ಹಿಡಿಯಲು ಸ್ಪ್ರಿಂಗುಗಳ ಜೊತೆಗೆ ಹಾಗೆ ಹೊರಳುವುದೂ ನೆರವಾಗುತ್ತದೆ. ಈಗ ನಾನು ಒಂದು ಮುಂಚಕ್ರಕ್ಕೂ ಅದರ ಎದುರು ಮೂಲೆಯ ಹಿಂಚಕ್ರಕ್ಕೂ ಮರದ ದಿಮ್ಮಿ ಕೊಟ್ಟು, ಗಾಜಿನ ಚೌಕಟ್ಟಿನ ಮೂಲೆಯಿಂದ ಹಿಂದಿನ ಎದುರು ಮೂಲೆಗೆ ಅಳೆಯುತ್ತೇನೆ. ಆಮೇಲೆ ದಿಮ್ಮಿ ಆಚೀಚೆ ಮಾಡಿ ಇನ್ನೊಮ್ಮೆ. ನನ್ನ ಗಾಡಿಯಲ್ಲಿ ಎರಡರ ನಡುವೆ ಅರ್ಧ ಇಂಚಿನಷ್ಟು ವ್ಯತ್ಯಾಸ ಬಂತು. ಅಷ್ಟು ಜಾಗವನ್ನು ಮಾಡು ಬಿಟ್ಟುಕೊಡಲೇಬೇಕು.

2. ವೆಲ್ಡ್ ಮಾಡಬೇಡಿ, ಬೋಲ್ಟು ಹಾಕಿ.

ಮೊದಲ ಮಾಡನ್ನು ಮುಂದಿನ ಗಾಜಿನ ಚೌಕಟ್ಟಿಗೇ ವೆಲ್ಡ್ ಮಾಡಿಸಿದ್ದೆ. ಅದು ಮುಂದಕ್ಕೆ ಮಡಚಲಿಕ್ಕೆಂದು ಕೀಲಿನ ಮೇಲೆ ನಿಂತ ಚೌಕಟ್ಟು. ಭಾರ ಹೊರಲು ಹುಟ್ಟಿದ್ದಲ್ಲ. ಮೂರನೇ ತಿಂಗಳಿಗೆ ಮೂಲೆ ಬಿರುಕು ಬಿಟ್ಟಿತು, ಘಾಟಿ ಇಳಿಯುವಾಗ ಗಾಜು ಸೀಳಿತು. ಮಂಗಳೂರು ಕಡೆಯ ಬಾಡಿ ಮೇಸ್ತ್ರಿಯೊಬ್ಬರು ನೋಡಿ, “ಮಾರಾಯ್ರೇ, ನೀವು ಮಾಡಿದ್ದು ಮನೆಗೆ ಮಾಡು. ಇದು ಓಡುವ ವಸ್ತು ಅಲ್ವಾ?” ಅಂದರು.

ಎರಡನೆಯದನ್ನು ಅವರೇ ಕಟ್ಟಿದರು. ಹಿಂದಿನ ತೊಟ್ಟಿಯ ಅಂಚಿನಿಂದ ಎದ್ದ ನಾಲ್ಕು ಕಂಬದ ಮೇಲೆ ಭಾರವೆಲ್ಲ. ಕಂಬಕ್ಕೂ ಮಾಡಿಗೂ ನಡುವೆ ದಪ್ಪ ರಬ್ಬರು, ಬೋಲ್ಟಿನ ತೂತು ಉದ್ದುದ್ದ. ರಬ್ಬರಿನ ಒಳಗೆ ಒಂದು ಕಬ್ಬಿಣದ ಕೊಳವೆ ತುಂಡು ಇಡಬೇಕು. ಇಲ್ಲದಿದ್ದರೆ ನಟ್ಟು ಬಿಗಿ ಮಾಡಿದ ಹಾಗೆ ರಬ್ಬರು ಅಪ್ಪಚ್ಚಿಯಾಗಿ, ಅದು ಇದ್ದೂ ಇಲ್ಲದ ಲೆಕ್ಕ. ಮುಂದಿನ ಚೌಕಟ್ಟಿನ ಮೇಲೆ ಮಾಡು ಬರೀ ಬೀಡಿಂಗಿನ ಮೇಲೆ ಒರಗಿರುತ್ತದೆ, ಎರಡು ಕೊಂಡಿ ಅದನ್ನು ಹಾರದಂತೆ ಹಿಡಿದಿರುತ್ತವೆ.

3. ತೂಕವನ್ನು ಅಂಗಡಿಯಲ್ಲೇ ಲೆಕ್ಕ ಹಾಕಿ.

1.2 ಮಿ.ಮೀ. ಕಬ್ಬಿಣದ ತಗಡು ಚದರ ಮೀಟರಿಗೆ ಸುಮಾರು 9.4 ಕೆ.ಜಿ. ತೂಗುತ್ತದೆ, 2 ಮಿ.ಮೀ. ಅಲ್ಯುಮಿನಿಯಂ 5.4 ಕೆ.ಜಿ. ಮಾಡು, ಪಕ್ಕ ಎಲ್ಲ ಸೇರಿ 6 ಚದರ ಮೀಟರ್ ಅಂದರೆ 56 ಕೆ.ಜಿ. ಎಲ್ಲಿ, 32 ಕೆ.ಜಿ. ಎಲ್ಲಿ! ಅದೂ ಒಳಗಿನ ಚೌಕ ಪೈಪನ್ನು ಬಿಟ್ಟು. ತೊಟ್ಟಿಯಲ್ಲಿ ಒಂದು ಗೊಬ್ಬರದ ಮೂಟೆ ಇದ್ದರೆ ಗೊತ್ತೇ ಆಗುವುದಿಲ್ಲ; ಅದೇ ಮೂಟೆ ನೆತ್ತಿಯ ಮೇಲಿದ್ದರೆ ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಬೆನ್ನಿಗೆ ಬೆವರು ಬರುತ್ತದೆ.

ಅಲ್ಯುಮಿನಿಯಂ ಆರಿಸಿದರೆ ಇನ್ನೊಂದು ತಾಪತ್ರಯ. ಕಬ್ಬಿಣದ ಚೌಕಟ್ಟಿಗೆ ಅದು ನೇರ ತಾಗಿ, ನಡುವೆ ಮಳೆನೀರು ನಿಂತರೆ ಅಲ್ಯುಮಿನಿಯಂ ಸವೆಯುತ್ತದೆ. ಸಂದಿನಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡಿತೆಂದರೆ ಕೆಲಸ ಶುರುವಾಗಿದೆ ಅಂತಲೇ. ಚೌಕಟ್ಟಿಗೆ ಎರಡು ಕೋಟು ಪ್ರೈಮರು, ಮೇಲೆ ರಬ್ಬರ್ ಪಟ್ಟಿ, ಆಮೇಲೆ ರಿವಿಟ್.

4. ಸೋರುವಿಕೆಗೆ ಸಿಲಿಕೋನ್ ಮದ್ದಲ್ಲ.

ಒಂಬತ್ತು ಟ್ಯೂಬು ಖಾಲಿ ಮಾಡಿದೆ, ನೀರು ಹತ್ತನೇ ದಾರಿ ಹುಡುಕಿತು. ಕಡೆಗೆ ಪಕ್ಕದ ತೋಟದ ಹಿರಿಯರು, “ಸೂರಿಗೆ ದಂಬೆ ಕಟ್ಟಿದ ಹಾಗೆ ಇದಕ್ಕೂ ಒಂದು ಕಟ್ಟು” ಅಂದರು. ಅಡಿಕೆ ಮರ ಸೀಳಿ ದಂಬೆ ಕಟ್ಟುವವರ ಮಗನಾಗಿ ನನಗೇ ಹೊಳೆಯಬೇಕಿತ್ತು. ಬಾಗಿಲ ಮೇಲೆ ಉದ್ದಕ್ಕೂ ಸಣ್ಣ ಆಂಗಲ್ ಕೂರಿಸಿ ಹಿಂದಕ್ಕೆ ಇಳಿಜಾರು ಕೊಟ್ಟೆವು, ಮಾಡಿನ ತುಟಿಯನ್ನು ಸಂದಿಗಿಂತ ಒಂದಿಂಚು ಕೆಳಗೆ ಇಳಿಬಿಟ್ಟೆವು. ಮುಕ್ಕಾಲು ಸೋರಿಕೆ ಅಲ್ಲಿಗೇ ನಿಂತಿತು.

ಉಳಿದದ್ದನ್ನು ಹುಡುಕಲು ಒಳಗಿನ ಸಂದುಗಳಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಎದುರಿನಿಂದ ಪೈಪಿನಲ್ಲಿ ನೀರು ಹೊಡೆಯಿರಿ. ಓಡುವ ಗಾಡಿಗೆ ಮಳೆ ಮೇಲಿನಿಂದಲ್ಲ, ಮುಂದಿನಿಂದ ಬರುತ್ತದೆ. ನೀರು ನಡೆದ ಗೆರೆ ಪುಡಿಯ ಮೇಲೆ ಮೂಡುತ್ತದೆ.

5. ಹೊಗೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಹರಕು ಹುಡ್ಡಿಗೆ ಒಂದು ಗುಣವಿತ್ತು: ನೂರು ಕಡೆಯಿಂದ ಗಾಳಿಯಾಡುತ್ತಿತ್ತು. ಗಟ್ಟಿ ಮಾಡು ಬಂದ ಮೇಲೆ ಕಿಟಕಿ ಮುಚ್ಚಿ, ಹಿಂದಿನ ಪರದೆ ಮಾತ್ರ ಸುತ್ತಿಟ್ಟು ಓಡಾಡಿದೆವು. ಹಿಂದಿನ ಸೀಟಿನಲ್ಲಿ ಕೂತವರಿಗೆಲ್ಲ ತಲೆನೋವು, ವಾಕರಿಕೆ. ಘಾಟಿಯ ತಿರುವು ಎಂದುಕೊಂಡೆವು. ಒಬ್ಬರಂತೂ ನಿಂಬೆಹಣ್ಣು ಹಿಡಿದುಕೊಂಡೇ ಹತ್ತುತ್ತಿದ್ದರು. ಡಬ್ಬಿಯಂಥ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದು ತೆರೆದ ಹಿಂಬದಿಯಿಂದ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ತೆಗೆಯುವ ಶಕ್ತಿ ಇದೆ.

ಸೈಲೆನ್ಸರಿನ ಬಾಲವನ್ನು ಬಾಡಿಯ ಅಂಚು ದಾಟಿಸಿ ಪಕ್ಕಕ್ಕೆ ತಿರುಗಿಸಿದೆವು. ಮಿಲಿಟರಿ ಗಾಡಿಯ ನೆಲದಲ್ಲಿ ಏನೇನೋ ಬಿಚ್ಚಿದ ಬೋಲ್ಟಿನ ತೂತುಗಳಿರುತ್ತವೆ. ನಮ್ಮದರಲ್ಲಿ ಇಪ್ಪತ್ತಮೂರು, ಎಲ್ಲವನ್ನೂ ಮುಚ್ಚಿದೆವು. ಹಿಂದೆ ತೆರೆದರೆ ಮುಂದಿನ ಕಿಟಕಿಯೂ ತೆರೆದಿರಬೇಕು ಎಂಬುದು ಈಗ ನಮ್ಮ ಡ್ರೈವರಿಗೆ ಹೇಳಿದ ಕಟ್ಟುನಿಟ್ಟಿನ ಮಾತು. ನಿಂಬೆಹಣ್ಣು ನಿಂತಿದೆ.

6. ಶಬ್ದ, ಬಿಸಿಲು, ಬೆವರು.

ಸಪಾಟು ತಗಡು ತಮಟೆ. ಅಡ್ಡಕ್ಕೆ ಉಬ್ಬುಗೆರೆ ಹೊಡೆಸಿ, ಒಳಮೈಗೆ ಫೋಮ್ ಹಾಳೆ ಅಂಟಿಸಿದರೆ ಮಾತು ಕೇಳಿಸುತ್ತದೆ, ತಣ್ಣನೆ ತಗಡಿನಿಂದ ತಲೆಗೆ ಹನಿ ಬೀಳುವುದೂ ತಪ್ಪುತ್ತದೆ. ಬಿಸಿಲ ನಾಡುಗಳಿಗೆ ಹೋಗುವ ಲ್ಯಾಂಡ್ ರೋವರ್‌ಗಳಿಗೆ ಮಾಡಿನ ಮೇಲೆ ಸಂದು ಬಿಟ್ಟು ಇನ್ನೊಂದು ಮಾಡು ಹಾಕುತ್ತಿದ್ದರು. ಸ್ನೇಹಿತರ ಗಾಡಿಗೆ ಹಾಗೇ ಮಾಡಿದೆ. ಚೆನ್ನಾಗಿದೆ, ಆದರೆ ಎಲೆ ತುಂಬುತ್ತದೆ.

7. ಕಾಗದ ಪತ್ರ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಓದಿ, ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ತಗಡು ಕೊಳ್ಳಿ. ನಾನು ಉಲ್ಟಾ ಮಾಡಿ ಆರು ಸಲ ಅಲೆದೆ. ಮತ್ತೆ ಆ ಮಿಲಿಟರಿ ಹಸಿರು ಬಣ್ಣ ಎಷ್ಟೇ ಇಷ್ಟವಾದರೂ ಬೇಡ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಮ್ಮದು ಈಗ ಬೂದು ಬಣ್ಣ, ಮಾಡು ಬಿಳಿ.

ಕಾಫಿ ಕೊಯ್ಲು ಮುಗಿದ ಮೇಲೆ ಬೋಲ್ಟು ಬಿಚ್ಚಿ ಮಾಡನ್ನು ಕೊಟ್ಟಿಗೆಯ ಜಂತಿಗೆ ನೇತುಹಾಕುತ್ತೇವೆ. ಮೇ ಕೊನೆಗೆ ಮತ್ತೆ ಕೂರಿಸುವುದು. ನಾಲ್ಕು ಜನ ಬೇಕು, ಅರ್ಧ ಗಂಟೆ ಹಿಡಿಯುತ್ತದೆ.